ಫೆರೈಟ್, ಫಿಲ್ಟರ್, ಶೀಲ್ಡ್: ವಿದ್ಯುತ್ ಗದ್ದಲಕ್ಕೆ ಯಾವ ಮದ್ದು, ಎಲ್ಲಿ?

ತಿಪಟೂರಿನ ಆಚೆಗಿನ ಒಂದು ಕೊಬ್ಬರಿ ಘಟಕದಲ್ಲಿ ತಕ್ಕಡಿಗೆ ಮೈಮೇಲೆ ದೇವರು ಬಂದಿತ್ತು. ತಟ್ಟೆ ಖಾಲಿ. ಆದರೂ ಪರದೆಯ ಮೇಲೆ ಒಮ್ಮೆ 40 ಗ್ರಾಂ, ಮರುಕ್ಷಣ ಮೈನಸ್ 110. ಪಕ್ಕದ ಕನ್ವೇಯರ್ ಮೋಟಾರ್ ನಿಲ್ಲಿಸಿದರೆ ಸೊನ್ನೆಗೆ ಬಂದು ಸಾಧುವಿನಂತೆ ಕೂರುತ್ತಿತ್ತು. ನಾನು ಹೋಗುವ ಹೊತ್ತಿಗೆ ಮಾಲೀಕರು ಎರಡು ಸಲ ಹಣ ಸುರಿದಿದ್ದರು. ತಕ್ಕಡಿಯ ಕೇಬಲ್‌ಗೆ ಆರು ಫೆರೈಟ್ ಕ್ಲಿಪ್‌ಗಳು (ಗದ್ದಲ ತಡೆಯಲು ಕೇಬಲ್ ಸುತ್ತ ಸಿಕ್ಕಿಸುವ ಕಾಂತೀಯ ಉಂಗುರಗಳು), ರುದ್ರಾಕ್ಷಿ ಸರದ ಹಾಗೆ. ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಎಂಬ ಡ್ರೈವ್ ಪಕ್ಕದಲ್ಲಿ ಹೊಚ್ಚಹೊಸ ಲೈನ್ ಫಿಲ್ಟರ್. ಎರಡೂ ಒಳ್ಳೆಯ ಸರಕೇ. ತಕ್ಕಡಿಯ ಕುಣಿತ ಮಾತ್ರ ಒಂದು ಹೆಜ್ಜೆಯೂ ತಪ್ಪಿರಲಿಲ್ಲ.

ಒಂದು ಯಂತ್ರ ಇನ್ನೊಂದಕ್ಕೆ ಕೊಡುವ ಇಂಥ ವಿದ್ಯುತ್ ಕಿರುಕುಳವೇ ವಿದ್ಯುತ್ ಗದ್ದಲ; ಅದನ್ನು ಅಡಗಿಸುವ ಈ ಕಸುಬಿನಲ್ಲಿ ನನಗೆ ಹೆಚ್ಚು ಬರುವ ಪ್ರಶ್ನೆ ಒಂದೇ: ಫೆರೈಟ್ ಹಾಕಲೇ, ಫಿಲ್ಟರ್ ಹಾಕಲೇ, ಲೋಹದ ಹೆಣಿಗೆ ಹೊದೆಸಿದ ಶೀಲ್ಡ್ ಕೇಬಲ್ ಎಳೆಯಲೇ? ಮೂರು ಕಂಪನಿಯ ಫ್ಯಾನುಗಳಲ್ಲಿ ಒಂದನ್ನು ಆರಿಸಿದ ಹಾಗೆ ಇದನ್ನು ಆರಿಸಲು ಬರುವುದಿಲ್ಲ. ಒಂದೊಂದೂ ಒಂದೊಂದು ಬಾಗಿಲಿಗೆ ಹಾಕುವ ಬೀಗ. ಕಳ್ಳ ಹಿತ್ತಲಿನಿಂದ ಬರುತ್ತಿರುವಾಗ ಮುಂಬಾಗಿಲಿಗೆ ಎರಡು ಬೀಗ ಜಡಿದರೆ ಏನಾದೀತು?

ಮೊದಲು ದಾರಿ ತಿಳಿಯಬೇಕು

ಗದ್ದಲ ಎಬ್ಬಿಸುವವನು, ಗದ್ದಲ ಸಾಗುವ ದಾರಿ, ಗದ್ದಲಕ್ಕೆ ತುತ್ತಾಗುವವನು. ಇಎಂಸಿ ಎಂದು ನಾವು ಕರೆಯುವ ವಿದ್ಯುತ್ಕಾಂತೀಯ ಹೊಂದಾಣಿಕೆಯ ಇಡೀ ಶಾಸ್ತ್ರ ಈ ಮೂವರ ಸುತ್ತಲೇ ತಿರುಗುತ್ತದೆ. ಇವರಲ್ಲಿ ಕಣ್ಣಿಗೆ ಬೀಳದವನು ದಾರಿ. ಹಾಗಾಗಿಯೇ ಹಣ ಪೋಲಾಗುವುದೂ ಅಲ್ಲೇ.

ದಾರಿಯಲ್ಲಿ ಹರಿಯುವ ಕರೆಂಟು ಎರಡು ಬಗೆ. ಒಂದು ತಂತಿಯಲ್ಲಿ ಹೋಗಿ ಜೋಡಿ ತಂತಿಯಲ್ಲಿ ಹಿಂದಿರುಗುವುದು ಡಿಫರೆನ್ಷಿಯಲ್ ಮೋಡ್. ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹೊರಟು, ನೆಲ, ಲೋಹದ ಚೌಕಟ್ಟು, ಗಾಳಿಯಲ್ಲಿನ ಕೆಪಾಸಿಟೆನ್ಸ್ (ತಂತಿ ತಾಗದೆಯೂ ಕರೆಂಟು ದಾಟಿಸುವ ಗುಣ), ಹೀಗೆ ಸಿಕ್ಕ ಸಿಕ್ಕ ದಾರಿಯಲ್ಲಿ ಮನೆ ಸೇರುವುದು ಕಾಮನ್ ಮೋಡ್. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ತಲೆನೋವಿಗೆ ಎರಡನೆಯದೇ ಕಾರಣ. ಅದು ಎಷ್ಟು ಕಡಿಮೆ ಇದ್ದರೂ ಸಾಕು ಎಂಬುದಕ್ಕೆ ಒಂದು ಲೆಕ್ಕ: ಒಂದು ಮೀಟರ್ ಉದ್ದದ ಕೇಬಲ್‌ನಲ್ಲಿ 50 ಮೆಗಾಹರ್ಟ್ಸ್‌ನ ಐದೇ ಐದು ಮೈಕ್ರೋಆಂಪಿಯರ್ ಕಾಮನ್ ಮೋಡ್ ಕರೆಂಟು ಹರಿದರೆ ಮೂರು ಮೀಟರ್ ದೂರದಲ್ಲಿ ಸುಮಾರು 100 ಮೈಕ್ರೋವೋಲ್ಟ್ ಪ್ರತಿ ಮೀಟರ್‌ನಷ್ಟು ಕ್ಷೇತ್ರ ಏಳುತ್ತದೆ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಮನೆಬಳಕೆಯ ಡಿಜಿಟಲ್ ಸಾಧನಗಳಿಗೆ ಆ ಆವರ್ತನದಲ್ಲಿ ಇಟ್ಟಿರುವ ಮಿತಿಯೂ ಅಷ್ಟೇ. ಸಾಮಾನ್ಯ ಮಲ್ಟಿಮೀಟರ್ ಮುಳ್ಳೂ ಅಲುಗದಷ್ಟು ಕರೆಂಟಿಗೆ ಪರೀಕ್ಷೆ ನಪಾಸು.

ದಾರಿ ಹುಡುಕಲು ಲಕ್ಷಗಟ್ಟಲೆ ಬೆಲೆಯ ಉಪಕರಣವೇ ಬೇಕೆಂದಿಲ್ಲ. ನನ್ನ ಚೀಲದಲ್ಲಿ ಕೈಗೆ ಮೊದಲು ಸಿಗುವುದು ಒಂದು ಹಳೆಯ ಮೀಡಿಯಂ ವೇವ್ ರೇಡಿಯೊ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಿಂದ ಮುಳ್ಳನ್ನು ಕೊಂಚ ಆಚೆ ಸರಿಸಿ, ನಿಲ್ದಾಣವಿಲ್ಲದ ಜಾಗದಲ್ಲಿ ನಿಲ್ಲಿಸಿ, ಕೇಬಲ್ ಗುಂಟ ನಡೆಯುತ್ತೇನೆ. ಒಳಗಿನ ಫೆರೈಟ್ ಕಡ್ಡಿಯ ಆಂಟೆನಾ ದಿಕ್ಕು ಹೇಳುತ್ತದೆ. ರೇಡಿಯೊವನ್ನು ತಿರುಗಿಸಿದಾಗ ಗದ್ದಲ ಏಳುವುದು, ಬೀಳುವುದು ಕಿವಿಗೇ ಗೊತ್ತಾಗುತ್ತದೆ. ಕೊಬ್ಬರಿ ಘಟಕದಲ್ಲಿ ತಕ್ಕಡಿಯ ಹತ್ತಿರ ಬರೀ ಸುಯ್ ಎಂದಿದ್ದ ರೇಡಿಯೊ, ಗೋಡೆಯ ಮೇಲಿನ ಕೇಬಲ್ ಟ್ರೇ ಬಳಿ ತಂದೊಡನೆ ಗರಗಸದ ಹಾಗೆ ಕಿರುಚಿತು. ಮೋಟಾರಿಗೆ ಹೋಗುವ ಮೂವತ್ತು ಮೀಟರ್ ಕೇಬಲ್, ತಕ್ಕಡಿಯ ಲೋಡ್ ಸೆಲ್ (ತೂಕವನ್ನು ವೋಲ್ಟೇಜಾಗಿ ಬದಲಿಸುವ ಭಾಗ) ಕೇಬಲ್ ಎರಡೂ ಅದೇ ಟ್ರೇಯಲ್ಲಿ, ಹೊಸದಾಗಿ ಮದುವೆಯಾದವರಂತೆ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದವು.

ಲೆಕ್ಕ ನೋಡಿ. ಐದು ವೋಲ್ಟ್ ಕೊಟ್ಟ ಲೋಡ್ ಸೆಲ್ ಪೂರ್ತಿ 50 ಕಿಲೋ ಹೊತ್ತಾಗ ಮರಳಿ ಕೊಡುವುದು 10 ಮಿಲಿವೋಲ್ಟ್. ಪರದೆಯಲ್ಲಿ ಕುಣಿಯುತ್ತಿದ್ದ 110 ಗ್ರಾಂ ಎಂದರೆ ತಂತಿಯಲ್ಲಿ 22 ಮೈಕ್ರೋವೋಲ್ಟ್. ಅದರ ಪಕ್ಕದಲ್ಲೇ ತನ್ನೊಳಗಿನ ಸುಮಾರು 590 ವೋಲ್ಟಿನ ನೇರ ವಿದ್ಯುತ್ತನ್ನು (ಡಿಸಿ ಬಸ್) ಸೆಕೆಂಡಿಗೆ ಸಾವಿರಾರು ಸಲ, ಪ್ರತಿ ಸಲವೂ ನೂರಾರು ನ್ಯಾನೋಸೆಕೆಂಡಿನೊಳಗೆ, ಕಡಿದು ಜೋಡಿಸುವ ಡ್ರೈವ್. ಕೇಬಲ್‌ಗೂ ನೆಲಕ್ಕೂ ನಡುವಿನ ಕೆಪಾಸಿಟೆನ್ಸ್ ಮೂಲಕ ಪ್ರತಿ ಹೊಡೆತಕ್ಕೂ ಕೆಲವು ಆಂಪಿಯರ್ ಚುಚ್ಚಿ ಹರಿಯುತ್ತದೆ. ಆನೆಯ ಪಕ್ಕ ಇರುವೆ ಮಲಗಿತ್ತು.

ಫೆರೈಟ್ ಕ್ಲಿಪ್ ಒಳ್ಳೆಯದೋ, ಲೈನ್ ಫಿಲ್ಟರ್ ಒಳ್ಳೆಯದೋ?

ಆ ಆರು ಕ್ಲಿಪ್‌ಗಳು ಏಕೆ ಸೋತವು? ಕೇಬಲ್‌ಗೆ ಸಿಕ್ಕಿಸುವ ಸಾಮಾನ್ಯ ಫೆರೈಟ್ ನಿಕಲ್-ಸತುವಿನ ಬಗೆಯದು. 100 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಿಪ್ ನೂರೈವತ್ತು, ಇನ್ನೂರು ಓಮ್ ತಡೆ ಒಡ್ಡುತ್ತದೆ. ಒಂದು ಮೆಗಾಹರ್ಟ್ಸ್‌ಗೆ ಇಳಿದರೆ ಬರೀ ಕೆಲವೇ ಓಮ್. ಡ್ರೈವ್‌ನ ಗದ್ದಲದ ಬಹುಪಾಲು ಇರುವುದು 150 ಕಿಲೋಹರ್ಟ್ಸ್‌ನಿಂದ ಕೆಲವು ಮೆಗಾಹರ್ಟ್ಸ್ ವರೆಗೆ. ಸೊಳ್ಳೆ ಪರದೆ ಕಟ್ಟಿ ಬೆಕ್ಕನ್ನು ತಡೆಯಲು ಹೊರಟ ಹಾಗಾಯಿತು. ಆ ಕೆಳಗಿನ ಪಟ್ಟಿಗೆ ಮ್ಯಾಂಗನೀಸ್-ಸತುವಿನ ಅಥವಾ ನ್ಯಾನೋಕ್ರಿಸ್ಟಲೈನ್ ಉಂಗುರ ಬೇಕು. ಮೂರು ಫೇಸ್ ತಂತಿಗಳನ್ನೂ ಒಟ್ಟಿಗೆ ಅದರೊಳಗೆ ಹಾಯಿಸಬೇಕು, ಅರ್ಥ್ ತಂತಿಯನ್ನು ಹೊರಗೆ ಬಿಡಬೇಕು.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಫೆರೈಟ್‌ನ ಪರಿಣಾಮ ಸರ್ಕ್ಯೂಟಿನಲ್ಲಿ ಮೊದಲೇ ಇರುವ ತಡೆಯ ಮೇಲೆ ನಿಂತಿದೆ. ಕೇಬಲ್‌ನ ಕಾಮನ್ ಮೋಡ್ ದಾರಿಯಲ್ಲಿ ಆಗಲೇ 150 ಓಮ್ ಇದ್ದರೆ, ಇನ್ನೊಂದು 150 ಓಮ್‌ನ ಫೆರೈಟ್ ಕರೆಂಟನ್ನು ಅರ್ಧಕ್ಕೆ ಇಳಿಸುತ್ತದೆ. ಅಂದರೆ ಬರೀ 6 ಡೆಸಿಬೆಲ್. 20 ಡೆಸಿಬೆಲ್ ಬೇಕೆಂದರೆ ಒಟ್ಟು ತಡೆ ಹತ್ತು ಪಟ್ಟಾಗಬೇಕು, ಅಂದರೆ ಇನ್ನೂ 1350 ಓಮ್. ಕ್ಲಿಪ್ ಮೇಲೆ ಕ್ಲಿಪ್ ಸೇರಿಸುತ್ತಾ ಅಲ್ಲಿಗೆ ಮುಟ್ಟಲಾಗದು. ಕೇಬಲನ್ನು ಅದೇ ಉಂಗುರದಲ್ಲಿ ಮೂರು ಸಲ ಸುತ್ತಿಸಿ. ಕೆಳಗಿನ ಆವರ್ತನಗಳಲ್ಲಿ ತಡೆ ಒಂಬತ್ತು ಪಟ್ಟಾಗುತ್ತದೆ, ಏಕೆಂದರೆ ಅದು ಸುತ್ತುಗಳ ವರ್ಗದಂತೆ ಏರುತ್ತದೆ. ಅತಿಯಾಸೆ ಬೇಡ: ಸುತ್ತು ಹೆಚ್ಚಾದಂತೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಮೇಲಿನ ಆವರ್ತನಗಳಿಗೆ ಕಳ್ಳದಾರಿ ಮಾಡಿಕೊಡುತ್ತದೆ.

ಹೀಗಿರುವಾಗ ಕ್ಲಿಪ್ ಯಾವಾಗ? ಗದ್ದಲ 30 ಮೆಗಾಹರ್ಟ್ಸ್‌ಗಿಂತ ಮೇಲಿದ್ದು, ಹೊರಹೋಗುವ ದಾರಿ ಕೇಬಲ್ ಎಂದು ಖಚಿತವಾಗಿ, ಬೇಕಾಗಿರುವ ಇಳಿಕೆ ಐದಾರು ಡೆಸಿಬೆಲ್ ಮಾತ್ರ ಆಗಿದ್ದಾಗ. ಇದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ: ಕ್ಲಿಪ್ ರೋಗ ಪತ್ತೆಯ ಸಾಧನ. ಒಂದೊಂದು ಕೇಬಲ್‌ಗೂ ಹಾಕಿ ತೆಗೆದು ನೋಡಿದರೆ ಯಾವ ಕೇಬಲ್ ತಪ್ಪಿತಸ್ಥ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಲೈನ್ ಫಿಲ್ಟರ್‌ನ ಜಾಗ ಬೇರೆ. ಅದು ಕಾಯುವುದು ಮುಖ್ಯ ವಿದ್ಯುತ್ ಸರಬರಾಜಿನ ಬಾಗಿಲನ್ನು. ಫೇಸ್ ಮತ್ತು ನ್ಯೂಟ್ರಲ್ ನಡುವಿನ ಎಕ್ಸ್ ಕೆಪಾಸಿಟರ್ ಡಿಫರೆನ್ಷಿಯಲ್ ಗದ್ದಲವನ್ನು ನುಂಗುತ್ತದೆ. ಚೋಕ್ ಮತ್ತು ನೆಲಕ್ಕೆ ಜೋಡಿಸಿದ ವೈ ಕೆಪಾಸಿಟರ್‌ಗಳು ಕಾಮನ್ ಮೋಡ್ ಗದ್ದಲವನ್ನು ಮೂಲಕ್ಕೇ ತಿರುಗಿಸಿ ಕಳಿಸುತ್ತವೆ. ಅಕ್ಕಪಕ್ಕದ ಮನೆಯ ರೇಡಿಯೊ ಕೆಡುತ್ತಿದ್ದರೆ, ಅದೇ ಲೈನಿನ ಇನ್ನೊಂದು ಯಂತ್ರ ತಡವರಿಸುತ್ತಿದ್ದರೆ, ಅಥವಾ ಪ್ರಯೋಗಾಲಯದಲ್ಲಿ 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್ ವರೆಗಿನ ವಾಹಕ ಪರೀಕ್ಷೆಯಲ್ಲಿ (ತಂತಿಯ ಮೂಲಕ ಹೊರಹೋಗುವ ಗದ್ದಲದ ಪರೀಕ್ಷೆ) ನಪಾಸಾಗಿದ್ದರೆ ಫಿಲ್ಟರ್‌ಗೆ ಬದಲಿಲ್ಲ. ಕೊಬ್ಬರಿ ಘಟಕದ ಗದ್ದಲವಾದರೋ ಡ್ರೈವ್‌ನ ಇನ್ನೊಂದು ತುದಿಯಿಂದ, ಮೋಟಾರ್ ಕೇಬಲ್‌ನಿಂದ ಹೊರಡುತ್ತಿತ್ತು. ಅದಕ್ಕೆ ಈ ಫಿಲ್ಟರ್‌ನ ಪರಿವೆಯೇ ಇರಲಿಲ್ಲ.

ಸಾಲದ್ದಕ್ಕೆ ಅದನ್ನು ಕೂರಿಸಿದ ಚಂದವೂ ಹಾಗೇ ಇತ್ತು. ಬಣ್ಣ ಬಳಿದ ಹಲಗೆಯ ಮೇಲೆ ಫಿಲ್ಟರ್, ಅದರಿಂದ ಅರ್ಥ್ ಪಟ್ಟಿಗೆ ಒಂದು ಮೀಟರ್ ಹಸಿರು ತಂತಿ, ಉಳಿದದ್ದನ್ನು ಅಂದವಾಗಿ ಸುರುಳಿ ಸುತ್ತಿ ಟ್ಯಾಗ್ ಕಟ್ಟಿದ್ದರು. ಒಂದು ಮೀಟರ್ ತಂತಿ ಎಂದರೆ ಸರಿಸುಮಾರು ಒಂದು ಮೈಕ್ರೋಹೆನ್ರಿ. 10 ಮೆಗಾಹರ್ಟ್ಸ್‌ನಲ್ಲಿ ಅದು 63 ಓಮ್. ವೈ ಕೆಪಾಸಿಟರ್ ಎಷ್ಟೇ ಒಳ್ಳೆಯದಿದ್ದರೂ ಆ 63 ಓಮ್ ದಾಟಿಯೇ ನೆಲ ಕಾಣಬೇಕು. ಫಿಲ್ಟರ್‌ನ ಲೋಹದ ಮೈ ಬಣ್ಣ ಕೆರೆದ ಹಲಗೆಗೆ ನೇರವಾಗಿ ಅಂಟಿ ಕೂರಬೇಕು. ಒಳಬರುವ ತಂತಿ, ಹೊರಹೋಗುವ ತಂತಿ ಒಂದೇ ಕಟ್ಟಿನಲ್ಲಿ ಓಡಬಾರದು. ಓಡಿದರೆ ಗದ್ದಲ ಫಿಲ್ಟರನ್ನು ಹತ್ತದೆಯೇ ಪಕ್ಕದಿಂದ ದಾಟಿಹೋಗುತ್ತದೆ.

ಫಿಲ್ಟರ್ ಕೊಳ್ಳುವಾಗ ಬೆಲೆಗಿಂತ ಮೊದಲು ಸೋರಿಕೆ ಕರೆಂಟು ಕೇಳಿ. ಒಂದು 4.7 ನ್ಯಾನೋಫ್ಯಾರಡ್ ವೈ ಕೆಪಾಸಿಟರ್ 230 ವೋಲ್ಟ್, 50 ಹರ್ಟ್ಸ್‌ನಲ್ಲಿ 0.34 ಮಿಲಿಆಂಪಿಯರ್ ಅನ್ನು ಸದಾ ನೆಲಕ್ಕೆ ಸುರಿಯುತ್ತದೆ. ದೊಡ್ಡ ಡ್ರೈವ್ ಫಿಲ್ಟರ್‌ಗಳಲ್ಲಿ ಇದು ಹತ್ತಾರು ಪಟ್ಟು ಏರಬಲ್ಲದು. ನೆಲಕ್ಕೆ ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿರುವ ಲೈನಿನಲ್ಲಿ ಅಂಥ ಎರಡು ಫಿಲ್ಟರ್ ಕೂರಿಸಿದರೆ ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಟ್ರಿಪ್. ಆಮೇಲೆ ಯಾರೋ ಪುಣ್ಯಾತ್ಮ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾನೆ. ಗದ್ದಲ ತಗ್ಗಿಸಲು ಹೋಗಿ ಜೀವಕ್ಕೆ ಸಂಚಕಾರ ತರುವ ಈ ಕೆಲಸವನ್ನು ಒಂದಕ್ಕಿಂತ ಹೆಚ್ಚು ಕಡೆ ಕಂಡು ಬೈದಿದ್ದೇನೆ.

ಶೀಲ್ಡ್: ಒಂದು ತುದಿಯೋ, ಎರಡು ತುದಿಯೋ

ಈ ಜಗಳ ನನ್ನ ಗುರುಗಳ ಕಾಲದಿಂದ ನಡೆದಿದೆ. ಹಳೆಯ ಅಳತೆ ಉಪಕರಣಗಳ ತಂತ್ರಜ್ಞರು ಒಂದೇ ತುದಿ ಎನ್ನುತ್ತಾರೆ, ರೇಡಿಯೊದವರು ಎರಡೂ ತುದಿ ಎನ್ನುತ್ತಾರೆ. ಇಬ್ಬರೂ ಸರಿ, ಮಾತನಾಡುತ್ತಿರುವುದು ಬೇರೆ ಬೇರೆ ಆವರ್ತನಗಳ ಬಗ್ಗೆ.

ಥರ್ಮೋಕಪಲ್, ಮೈಕ್ರೊಫೋನ್ ಮುಂತಾದ ನಿಧಾನ ಸಂಕೇತಗಳಿಗೆ 50 ಹರ್ಟ್ಸ್‌ನ ಗುಂಯ್ ಸದ್ದೇ ಶತ್ರು. ಅಲ್ಲಿ ಎರಡೂ ತುದಿ ನೆಲಕ್ಕೆ ಸೇರಿದರೆ ಎರಡು ನೆಲಗಳ ನಡುವಿನ ವ್ಯತ್ಯಾಸದಿಂದ ಶೀಲ್ಡ್‌ನಲ್ಲೇ ಕರೆಂಟು ಹರಿದು ಗುಂಯ್ ಎನ್ನುತ್ತದೆ, ಆದ್ದರಿಂದ ಒಂದು ತುದಿ. ಮೋಟಾರ್ ಕೇಬಲ್, ಎನ್‌ಕೋಡರ್, ಆರ್‌ಎಸ್-485, ಇನ್ನಿತರ ಡಿಜಿಟಲ್ ಸಂಪರ್ಕಗಳಿಗೆ ಎರಡೂ ತುದಿ. ಮೆಗಾಹರ್ಟ್ಸ್‌ಗಳಲ್ಲಿ ಒಂದು ತುದಿ ತೆರೆದಿಟ್ಟ ಶೀಲ್ಡ್ ಕಾವಲುಗಾರನ ಕೆಲಸ ಬಿಟ್ಟು ಆಂಟೆನಾದ ಕೆಲಸ ಹಿಡಿಯುತ್ತದೆ. ಎರಡೂ ಬೇಕಾದ ಇಕ್ಕಟ್ಟಿನಲ್ಲಿ ಒಂದು ತುದಿಯನ್ನು ನೇರವಾಗಿ, ಇನ್ನೊಂದನ್ನು ಹತ್ತು ನ್ಯಾನೋಫ್ಯಾರಡ್ ಆಸುಪಾಸಿನ ಕೆಪಾಸಿಟರ್ ಮೂಲಕ ನೆಲಕ್ಕೆ ಸೇರಿಸುವುದು ಒಳ್ಳೆಯ ರಾಜಿ.

ಎಷ್ಟು ತುದಿ ಎಂಬುದಕ್ಕಿಂತ ಹೇಗೆ ಸೇರಿಸಿದ್ದೀರಿ ಎಂಬುದು ದೊಡ್ಡದು. ಶೀಲ್ಡ್‌ನ ಹೆಣಿಗೆಯನ್ನು ಬಿಚ್ಚಿ, ಜಡೆಯ ಹಾಗೆ ಹೊಸೆದು, ಒಂದು ತಿರುಪಿಗೆ ಸಿಕ್ಕಿಸುವುದು ನಮ್ಮ ಎಲ್ಲ ಪ್ಯಾನೆಲ್‌ಗಳಲ್ಲಿ ಕಾಣುವ ದೃಶ್ಯ. ಐದು ಸೆಂಟಿಮೀಟರ್‌ನ ಆ ಜಡೆ ಸುಮಾರು 50 ನ್ಯಾನೋಹೆನ್ರಿ. 100 ಮೆಗಾಹರ್ಟ್ಸ್‌ನಲ್ಲಿ 31 ಓಮ್. ದುಬಾರಿ ಶೀಲ್ಡ್ ಕೇಬಲ್ ಕೊಂಡ ಹಣದ ಬಹುಪಾಲು ಆ ಜಡೆಯಲ್ಲೇ ಮುಳುಗುತ್ತದೆ. ಹೊರ ಸಿಪ್ಪೆಯನ್ನು ಎರಡು ಸೆಂಟಿಮೀಟರ್ ಸುಲಿದು, ಹೆಣಿಗೆಯ ಸುತ್ತಲೂ ಲೋಹದ ಕ್ಲಾಂಪ್ ಬಿಗಿದು, ಅದನ್ನು ಬಣ್ಣ ಕೆರೆದ ಹಲಗೆಗೆ ಒತ್ತಿ ಕೂರಿಸಿ. ಜಡೆ ಹೊಸೆದು ತಿರುಪಿಗೆ ಸಿಕ್ಕಿಸಿದ ಒಳ್ಳೆಯ ಕೇಬಲ್‌ಗಿಂತ ಸುತ್ತಲೂ ಕ್ಲಾಂಪ್ ಬಿಗಿದ ಸಾಧಾರಣ ಕೇಬಲ್ ವಾಸಿ.

ಘಟಕದಲ್ಲಿ ನಾವು ಮಾಡಿದ ಮೊದಲ ಕೆಲಸಕ್ಕೆ ಕಾಸೂ ಖರ್ಚಾಗಲಿಲ್ಲ. ಲೋಡ್ ಸೆಲ್ ಕೇಬಲನ್ನು ಟ್ರೇಯಿಂದ ಇಳಿಸಿ ಎದುರಿನ ಗೋಡೆಗುಂಟ ಒಯ್ದೆವು. ಮೋಟಾರ್ ಕೇಬಲನ್ನು ದಾಟಲೇಬೇಕಾದ ಒಂದು ಕಡೆ ಲಂಬ ಕೋನದಲ್ಲಿ ದಾಟಿಸಿದೆವು. 110 ಇದ್ದದ್ದು 30ಕ್ಕೆ ಇಳಿಯಿತು. ಆಮೇಲೆ ಮೋಟಾರ್ ಕೇಬಲನ್ನು ಬದಲಿಸಿ, ಎರಡೂ ತುದಿಗೆ ಕ್ಲಾಂಪ್ ಹಾಕಿದ ಶೀಲ್ಡ್ ಕೇಬಲ್ ಎಳೆದೆವು. ಕುಣಿತ 10 ಗ್ರಾಂ ಆಯಿತು.

ಕೊಳವೆಬಾವಿಯ ಮಾತು ಬೇರೆ. ಎಂಟುನೂರು, ಸಾವಿರ ಅಡಿ ಆಳಕ್ಕೆ ಶೀಲ್ಡ್ ಕೇಬಲ್ ಇಳಿಸುವವರು ಯಾರೂ ಇಲ್ಲ. ಅಷ್ಟುದ್ದದ ಕೇಬಲ್‌ನ ತುದಿಯಲ್ಲಿ ಡ್ರೈವ್‌ನ ಚೂಪು ಅಲೆ ಪುಟಿದು, ಮೋಟಾರಿನ ತುದಿಯಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ; ಸುರುಳಿಯ ನಿರೋಧಕ ಹೊದಿಕೆಗೂ ಕಂಟಕ. ಇಲ್ಲಿ ಡ್ರೈವ್‌ನ ಬಾಯಲ್ಲೇ ಸೈನ್ ಫಿಲ್ಟರ್ ಕೂರಿಸುವುದು ಸರಿ. ಆದರೆ ಸಾಮಾನ್ಯ ಸೈನ್ ಫಿಲ್ಟರ್ ಫೇಸ್‌ಗಳ ನಡುವಿನ ಅಲೆಯನ್ನು ಮಾತ್ರ ನುಣುಪಾಗಿಸುತ್ತದೆ, ಕಾಮನ್ ಮೋಡ್ ಗದ್ದಲ ಹಾಗೇ ಉಳಿಯುತ್ತದೆ. ತೋಟದ ಮನೆಯ ರೇಡಿಯೊ ಉಳಿಯಬೇಕೆಂದರೆ ಕಾಮನ್ ಮೋಡ್ ಅನ್ನೂ ಹಿಡಿಯುವ ಫಿಲ್ಟರ್ ಬೇಕು ಎಂದು ಬಿಡಿಸಿ ಕೇಳಿ. ಬರೀ ಸೈನ್ ಫಿಲ್ಟರ್ ಎಂದರೆ ಅಗ್ಗದ್ದನ್ನೇ ಕೊಡುತ್ತಾರೆ.

ಬಾಯಿ ಮುಚ್ಚಿಸುವುದೋ, ಕಿವಿ ಮುಚ್ಚುವುದೋ

ಗದ್ದಲವನ್ನು ಹುಟ್ಟುವಲ್ಲೇ ತಗ್ಗಿಸುವುದು ಯಾವಾಗಲೂ ಅಗ್ಗ; ವಿನ್ಯಾಸ ನಿಮ್ಮ ಕೈಯಲ್ಲಿದ್ದರೆ.

ಅಲೆಯ ಏರು ಎಷ್ಟು ಚೂಪೋ ಗದ್ದಲ ಅಷ್ಟು ಮೇಲಕ್ಕೆ ಹಬ್ಬುತ್ತದೆ. ಐದು ನ್ಯಾನೋಸೆಕೆಂಡಿನ ಏರು ಸುಮಾರು 64 ಮೆಗಾಹರ್ಟ್ಸ್ ವರೆಗೆ ಶಕ್ತಿಯನ್ನು ಧಾರಾಳವಾಗಿ ಸುರಿಯುತ್ತದೆ. ಅದನ್ನು ಇಪ್ಪತ್ತಕ್ಕೆ ಎಳೆದರೆ ಆ ಗಡಿ 16 ಮೆಗಾಹರ್ಟ್ಸ್‌ಗೆ ಇಳಿದು, ಅದರಾಚೆ ಗದ್ದಲ ಬೇಗ ಕುಸಿಯುತ್ತದೆ. ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ನ ಗೇಟಿನಲ್ಲಿರುವ ಒಂದು ರೆಸಿಸ್ಟರ್‌ನ ಓಮ್ ಮೌಲ್ಯ ಬದಲಿಸಿದರೆ ಇಷ್ಟು ಸಾಧ್ಯ. ಇದಕ್ಕೆ ದಂಡ ಬಿಸಿಯ ರೂಪದಲ್ಲಿ ಬರುತ್ತದೆ. ಹೀಟ್‌ಸಿಂಕ್ ಆಗಲೇ ಕೈ ಸುಡುತ್ತಿದ್ದರೆ ಈ ದಾರಿ ಮುಚ್ಚಿದೆ.

ಸ್ಪ್ರೆಡ್ ಸ್ಪೆಕ್ಟ್ರಮ್ ಬಗ್ಗೆ ನನಗೆ ಕೊಂಚ ಗುಮಾನಿ. ಸರ್ಕ್ಯೂಟಿಗೆ ತಾಳ ಹಾಕುವ ಕ್ಲಾಕ್‌ನ ಆವರ್ತನವನ್ನು ಆಚೀಚೆ ಅಲ್ಲಾಡಿಸುವುದರಿಂದ ಒಂದೇ ಕಡೆ ನಿಂತಿದ್ದ ಶಿಖರ ಹರಡಿ ತಗ್ಗಾಗಿ ಕಾಣುತ್ತದೆ, ಪರೀಕ್ಷೆಯಲ್ಲಿ ಕೆಲವು ಡೆಸಿಬೆಲ್ ಉಳಿತಾಯವಾಗುತ್ತದೆ. ಒಟ್ಟು ಶಕ್ತಿ ಮಾತ್ರ ಒಂದಿಷ್ಟೂ ತಗ್ಗಿರುವುದಿಲ್ಲ. ರೇಡಿಯೊ ಕೇಳುವವರಿಗೆ ಸೀಟಿಯ ಬದಲು ಸುಯ್ ಎಂಬ ಸದ್ದು, ಅಷ್ಟೇ. ಪ್ರಮಾಣಪತ್ರ ತುರ್ತಾಗಿ ಬೇಕಿದ್ದರೆ ಬಳಸಿ. ನೆರೆಯವರ ದೂರು ನಿಲ್ಲಿಸಬೇಕಿದ್ದರೆ ಅದನ್ನು ನಂಬಬೇಡಿ.

ಇನ್ನು ಕಿವಿ ಮುಚ್ಚುವ ಕಡೆ. ಹಿಂದೆಲ್ಲ ಮೊಬೈಲ್‌ಗೆ ಕರೆ ಬರುವ ಮುನ್ನ ಪಕ್ಕದ ಸ್ಪೀಕರ್ ಟಿಟಿಟಿಕ್ ಟಿಟಿಟಿಕ್ ಎನ್ನುತ್ತಿದ್ದುದು ನೆನಪಿದೆಯೇ? ಜಿಎಸ್‌ಎಂ ಫೋನು ಸೆಕೆಂಡಿಗೆ 217 ಸಲ ಮಿಡಿಯುತ್ತದೆ. ಆ ನೂರಾರು ಮೆಗಾಹರ್ಟ್ಸ್ ಅಲೆಯನ್ನು ಆಂಪ್ಲಿಫೈಯರ್‌ನ ಮೊದಲ ಟ್ರಾನ್ಸಿಸ್ಟರ್ ಡಯೋಡ್ ಹಾಗೆ ವರ್ತಿಸಿ, ಕಿವಿಗೆ ಕೇಳುವ ಸದ್ದಾಗಿ ಬಿಡಿಸಿಬಿಡುತ್ತದೆ. ತಕ್ಕಡಿಯ ಆಂಪ್ಲಿಫೈಯರ್ ಮಾಡುತ್ತಿದ್ದುದೂ ಅದೇ. ಒಳಬರುವ ಎರಡೂ ತಂತಿಗಳಿಗೆ ಒಂದೊಂದು ಕಿಲೋಓಮ್, ಹತ್ತು ನ್ಯಾನೋಫ್ಯಾರಡ್ ಕೊಟ್ಟರೆ 16 ಕಿಲೋಹರ್ಟ್ಸ್‌ಗೆ ಬಾಗಿಲು ಮುಚ್ಚುತ್ತದೆ. ತೂಕದ ಸಂಕೇತಕ್ಕೆ ಬೇಕಾಗಿರುವುದು ಕೆಲವೇ ಹರ್ಟ್ಸ್, ಹಾಗಾಗಿ ನಷ್ಟವಿಲ್ಲ. ತಯಾರಕರು ಐದು ರೂಪಾಯಿಯ ಈ ನಾಲ್ಕು ಬಿಡಿಭಾಗಗಳನ್ನು ಹಾಕದೆ ಕಾಸು ಉಳಿಸಿದ್ದರಿಂದ ಮಾಲೀಕರು ಆರು ಫೆರೈಟ್, ಒಂದು ಫಿಲ್ಟರ್ ಕೊಂಡರು.

ಎರಡು ಪದರವೋ, ನಾಲ್ಕು ಪದರವೋ

ಪಿಸಿಬಿ, ಅಂದರೆ ಬಿಡಿಭಾಗ ಕೂರಿಸುವ ತಾಮ್ರದ ಪದರಗಳ ಬೋರ್ಡು; ಅದರ ವಿನ್ಯಾಸಕರು ನನ್ನ ಮೇಲೆ ಮುನಿಸಿಕೊಳ್ಳುವುದು ಇಲ್ಲೇ. ಎಂಟು ಮೆಗಾಹರ್ಟ್ಸ್‌ನ ಮೈಕ್ರೋಕಂಟ್ರೋಲರ್, ಎರಡು ರಿಲೇ, ಕೇಬಲ್ ಹೊರಹೋಗದ ಪೆಟ್ಟಿಗೆ: ಎರಡು ಪದರ ಸಾಕು. ವೇಗದ ಮೆಮೊರಿ, ಈಥರ್ನೆಟ್, ಡಿಸಿ-ಡಿಸಿ ಕನ್ವರ್ಟರ್, ಹೊರಗೆ ಎರಡು ಮೂರು ಕೇಬಲ್ ಇದ್ದರೆ ನಾಲ್ಕು ಪದರ, ಅದರಲ್ಲಿ ಒಂದು ಪೂರ್ತಿ ನೆಲ. ಪ್ರತಿ ಸಂಕೇತಕ್ಕೂ ಮರಳುವ ಕರೆಂಟು ಇದೆ, ಮೆಗಾಹರ್ಟ್ಸ್‌ಗಳಲ್ಲಿ ಅದು ತನ್ನ ಗೆರೆಯ ಕೆಳಗೇ ನುಸುಳಿ ಬರಲು ಬಯಸುತ್ತದೆ. ಆ ನೆಲವನ್ನು ಅನಲಾಗ್ ಒಂದು, ಡಿಜಿಟಲ್ ಒಂದು ಎಂದು ಸೀಳಿ, ಸೀಳಿನ ಮೇಲೆ ಕ್ಲಾಕ್ ಗೆರೆ ಎಳೆದರೆ ಮರಳುವ ಕರೆಂಟು ಊರೆಲ್ಲ ಸುತ್ತಿ ಬರುತ್ತದೆ, ಆ ಸುತ್ತೇ ಆಂಟೆನಾ. ನಾಲ್ಕು ಪದರದ ಹೆಚ್ಚಿನ ಬೆಲೆ ಒಂದು ಬೋರ್ಡಿಗೆ ಕೆಲವು ಹತ್ತು ರೂಪಾಯಿ. ನಪಾಸಾದ ಮೇಲೆ ಶೀಲ್ಡ್ ಡಬ್ಬಿ ಕೂರಿಸುವ ಖರ್ಚು ಪ್ರತಿ ಬೋರ್ಡಿಗೂ ಅಂಟಿಕೊಂಡೇ ಇರುತ್ತದೆ.

ಪೆಟ್ಟಿಗೆಯ ಬಗ್ಗೆ ಎರಡೇ ಮಾತು. ಪ್ಲಾಸ್ಟಿಕ್ ಪೆಟ್ಟಿಗೆಗೆ ಒಳಗಿನಿಂದ ಲೋಹ ಲೇಪಿಸುವುದಕ್ಕಿಂತ ಬೋರ್ಡಿನ ಮೇಲೆಯೇ ಗದ್ದಲದ ಭಾಗಕ್ಕೆ ಚಿಕ್ಕ ಡಬ್ಬಿ ಮುಚ್ಚುವುದು ಮೇಲು. ಲೋಹದ ಪೆಟ್ಟಿಗೆಯಲ್ಲಿ ನೋಡಬೇಕಾದದ್ದು ತಗಡಿನ ದಪ್ಪವನ್ನಲ್ಲ, ಸಂದಿನ ಉದ್ದವನ್ನು. 15 ಸೆಂಟಿಮೀಟರ್ ಉದ್ದದ ಕೂದಲೆಳೆ ಸೀಳು ಒಂದು ಗಿಗಾಹರ್ಟ್ಸ್‌ಗೆ ತೆರೆದ ಬಾಗಿಲು. ಅಷ್ಟೇ ಗಾಳಿ ಬಿಡುವ ನೂರು ಸಣ್ಣ ರಂಧ್ರಗಳು ಬಹುಪಾಲು ಗೋಡೆಯೇ.

ಇವೆಲ್ಲವನ್ನೂ ಬಿಟ್ಟು ಬರೀ ದೂರ ಹೋಗುವುದೂ ಒಂದು ಆಯ್ಕೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಡುವ ದೂರದರ್ಶಕ ಕಟ್ಟಿದ್ದು ಬೆಂಗಳೂರಿನ ಗದ್ದಲದಿಂದ ಸುಮಾರು ನೂರು ಕಿಲೋಮೀಟರ್ ಆಚೆ. 2020ರ ಆರಂಭದಲ್ಲಿ ರಾಮನ್ ಸಂಸ್ಥೆಯವರು ತಮ್ಮ ಸಾರಸ್ ರೇಡಿಯೊ ಗ್ರಾಹಕವನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ಆಂಟೆನಾದ ಕೆಳಗೆ ಏಕರೂಪದ ನೀರು ಸಿಗುತ್ತದೆ ಎಂಬುದು ತೇಲಿಸಲು ಕಾರಣ. ಎಫ್‌ಎಂ ಪಟ್ಟಿಯ ಸ್ವಲ್ಪ ಕೆಳಗೆ, ವಿಶ್ವದ ಆರಂಭಕಾಲದ ಕ್ಷೀಣ ಸಂಕೇತ ಹುಡುಕುವವರಿಗೆ ಊರಿನ ಒಂದು ಎಲ್‌ಇಡಿ ಬಲ್ಬೂ ವೈರಿ. ಕಾರ್ಖಾನೆಯವರಿಗೆ ಹಿನ್ನೀರು ಸಿಗದು. ಆದರೆ ಎರಡು ಕೇಬಲ್‌ಗಳ ನಡುವೆ ಮೂವತ್ತು ಸೆಂಟಿಮೀಟರ್ ಯಾರಿಗಾದರೂ ಸಿಗುತ್ತದೆ.

ನೇರ ಪ್ರಯೋಗಾಲಯಕ್ಕೋ, ಮೊದಲು ಮೇಜಿನ ಮೇಲೋ

ಉತ್ಪನ್ನ ಮಾರುವವರಿಗೆ ಕೊನೆಯ ಆಯ್ಕೆ ಇದು. ಯಾವ ನಿಯಮ ನಿಮಗೆ ಅನ್ವಯಿಸುತ್ತದೆ ಎಂಬುದನ್ನು ಬೋರ್ಡ್ ವಿನ್ಯಾಸಕ್ಕೆ ಕೂರುವ ಮೊದಲೇ ತಿಳಿಯಿರಿ. ಡ್ರೈವ್‌ಗಳಿಗೆ ಅಂತರರಾಷ್ಟ್ರೀಯ ಮಾನದಂಡ ಐಇಸಿ 61800-3: ಅದರ ಸಿ1 ಮನೆಗಳಿರುವ ಪರಿಸರಕ್ಕೆ, ಸಿ3 ಕಾರ್ಖಾನೆಗೆ. ಸಿ3 ಡ್ರೈವ್ ತಂದು ಅಪಾರ್ಟ್‌ಮೆಂಟ್‌ನ ನೀರಿನ ಪಂಪಿಗೆ ಹಾಕಿ, ಮೇಲಿನ ಮಹಡಿಯವರ ದೂರು ಬಂತು ಎಂದು ಅಚ್ಚರಿಪಡುವವರಿದ್ದಾರೆ. ಬಹುಮಾಧ್ಯಮ ಮತ್ತು ಮಾಹಿತಿ ಸಾಧನಗಳಿಗೆ ಸಿಐಎಸ್‌ಪಿಆರ್ ಎಂಬ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ 32, ದೀಪಗಳಿಗೆ 15, ಗೃಹೋಪಯೋಗಿ ಯಂತ್ರಗಳಿಗೆ 14. ನಮ್ಮಲ್ಲಿ ದೂರಸಂಪರ್ಕ ಸಾಧನವಾದರೆ ದೂರಸಂಪರ್ಕ ಇಲಾಖೆಯ ಟಿಇಸಿಯ ಕಡ್ಡಾಯ ಪರೀಕ್ಷೆಯಲ್ಲಿ ಇಎಂಸಿ ಸೇರಿದೆ. ವಾಹನಕ್ಕೆ ವಾಹನ ಉದ್ಯಮದ ಮಾನದಂಡ ಎಐಎಸ್-004ರ ಮೂರನೆಯ ಭಾಗ. ಬಿಐಎಸ್‌ನ ಕಡ್ಡಾಯ ನೋಂದಣಿ ಮಾತ್ರ ಮುಖ್ಯವಾಗಿ ಸುರಕ್ಷತೆಯನ್ನು ನೋಡುತ್ತದೆ. ಆ ಗುರುತು ಸಿಕ್ಕಿತೆಂದರೆ ಗದ್ದಲವೂ ಪಾಸು ಎಂದುಕೊಂಡವರು ಯುರೋಪಿಗೆ ಮಾಲು ಕಳಿಸುವಾಗ ಎಡವುತ್ತಾರೆ.

ಪ್ರಯೋಗಾಲಯದ ಬಾಡಿಗೆ ಗಂಟೆಯ ಲೆಕ್ಕ. ಅಲ್ಲಿ ನಿಂತು ತಪ್ಪು ಹುಡುಕುವುದು ಟ್ಯಾಕ್ಸಿಯ ಮೀಟರ್ ಓಡುತ್ತಿರುವಾಗ ವಿಳಾಸ ಕೇಳಿದ ಹಾಗೆ. ವಾಹಕ ಗದ್ದಲವನ್ನು ಮಾತ್ರ ನೋಡಬೇಕಿದ್ದರೆ ಒಂದು ಎಲ್‌ಐಎಸ್‌ಎನ್ (ಲೈನಿನ ಗದ್ದಲವನ್ನು ಅಳತೆಗೆ ಬೇರ್ಪಡಿಸಿ ಕೊಡುವ ಪೆಟ್ಟಿಗೆ), ಒಂದು ಅಗ್ಗದ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನದಲ್ಲಿ ಎಷ್ಟು ಗದ್ದಲ ಎಂದು ತೋರುವ ಸಾಧನ) ಮೇಜಿನ ಮೇಲಿಟ್ಟುಕೊಂಡರೆ ಪ್ರಯೋಗಾಲಯಕ್ಕೆ ತೀರಾ ಹತ್ತಿರದ ಫಲಿತಾಂಶ ಸಿಗುತ್ತದೆ. ಮನೆಬಳಕೆಯ ಸಾಧನ ಅರ್ಧ ಮೆಗಾಹರ್ಟ್ಸ್‌ನಿಂದ ಐದರ ವರೆಗೆ ಲೈನಿಗೆ ಬಿಡಬಹುದಾದದ್ದು 56 ಡೆಸಿಬೆಲ್ ಮೈಕ್ರೋವೋಲ್ಟ್, ಅಂದರೆ 0.63 ಮಿಲಿವೋಲ್ಟ್, ಇದನ್ನು ಮೇಜಿನ ಮೇಲೆ ನಂಬಿಕೆಯಿಂದ ಅಳೆಯಬಹುದು. ಗಾಳಿಯಲ್ಲಿ ಹರಡುವ ಗದ್ದಲವನ್ನು ಮೇಜಿನ ಮೇಲೆ ಅಳೆದು ಪಾಸು, ನಪಾಸು ಎನ್ನಲಾಗದು, ಸುತ್ತಲಿನ ಎಫ್‌ಎಂ ಮತ್ತು ಮೊಬೈಲ್ ಅಲೆಗಳೇ ಮುಳುಗಿಸುತ್ತವೆ. ಅದಕ್ಕೆ ಕೇಬಲ್ ಸುತ್ತ ಹಾಕುವ ಕರೆಂಟ್ ಪ್ರೋಬ್ ಒಳ್ಳೆಯದು: ಮೇಲೆ ಹೇಳಿದ ಐದು ಮೈಕ್ರೋಆಂಪಿಯರ್ ದಾಟಿದ್ದರೆ ಬಾಡಿಗೆ ಕಟ್ಟಲು ಹೋಗಬೇಡಿ.

ಕೊಬ್ಬರಿ ಘಟಕದ ಉಳಿದ 10 ಗ್ರಾಂ ಹೋದದ್ದು ಡ್ರೈವ್‌ನ ಕ್ಯಾರಿಯರ್ ಆವರ್ತನವನ್ನು, ಅಂದರೆ ಕಡಿದು ಜೋಡಿಸುವ ವೇಗವನ್ನು, 12 ಕಿಲೋಹರ್ಟ್ಸ್‌ನಿಂದ 4ಕ್ಕೆ ಇಳಿಸಿದಾಗ. ಸೆಕೆಂಡಿಗೆ ಬೀಳುವ ಹೊಡೆತಗಳು ಮೂರರಲ್ಲಿ ಒಂದು ಪಾಲಾದವು. ಮೋಟಾರ್ ಸಣ್ಣಗೆ ಶಿಳ್ಳೆ ಹಾಕತೊಡಗಿತು, ಕೊಬ್ಬರಿ ಸುಲಿಯುವ ಸದ್ದಿನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಲೈನ್ ಫಿಲ್ಟರನ್ನು ಬಣ್ಣ ಕೆರೆದು ನೇರ ಕೂರಿಸಿ ಅಲ್ಲೇ ಬಿಟ್ಟೆವು, ಹಿಂದಿನ ಮನೆಯವರ ರೇಡಿಯೊಗೆ ಉಪಕಾರವಾಯಿತು. ಆರು ಫೆರೈಟ್‌ಗಳನ್ನು ತೆಗೆದು ಮಾಲೀಕರ ಕೈಗೆ ಕೊಟ್ಟಾಗ, ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆಯೇ ಎಂದು ಕೇಳಿದರು. ಇಲ್ಲ ಎಂದೆ. ನಾಲ್ಕನ್ನು ನಾನೇ ಅರ್ಧ ಬೆಲೆಗೆ ಕೊಂಡು ರೇಡಿಯೊದ ಪಕ್ಕ ಚೀಲದಲ್ಲಿ ಹಾಕಿಕೊಂಡೆ.